ಪಂಪು ಬದಲಿಸುವ ಮೊದಲು ಬಾವಿಯನ್ನು ಅಳೆಯಿರಿ

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಾವಿಯ ಪಂಪು ಕೆಡುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇ ತಿಂಗಳ ನಡುವೆ. ಅದಕ್ಕೆ ಕಾರಣಗಳೂ ಇವೆ. ಆಗ ನೀರು ತಳಕ್ಕಿಳಿದಿರುತ್ತದೆ, ಪಂಪು ನೀರಿನ ಜೊತೆಗೆ ಗಾಳಿಯನ್ನೂ ಎಳೆಯುತ್ತದೆ, ಊರಿಡೀ ತೋಟಕ್ಕೆ ನೀರು ಬಿಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ, ನೀರಿಲ್ಲದೆ ಓಡಿದ ಮೋಟಾರು ಕಾದು ಕಾಯಿಲ್ ಸುಡುತ್ತದೆ. ಮನೆಯಲ್ಲಿ ಅಡುಗೆಗೆ ನೀರಿಲ್ಲ, ದನಕ್ಕೆ ನೀರಿಲ್ಲ ಎನ್ನುವ ಅವಸರದಲ್ಲಿ ಹೊಸ ಪಂಪಿನ ತೀರ್ಮಾನ ಆಗಿಬಿಡುತ್ತದೆ. ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಎಚ್‌ಪಿ? ಅರ್ಧ ಎಚ್‌ಪಿ ಇತ್ತು ಎಂದರೆ, ಸಾಲದು, ಒಂದು ಹಾಕಿಸಿ ಎಂಬ ಸಲಹೆ ಬರುತ್ತದೆ. ಒಂದಿದ್ದವರು ಒಂದೂವರೆಗೆ ಹೋಗುತ್ತಾರೆ. ಬಾವಿ ಎಷ್ಟು ಆಳ, ಏಪ್ರಿಲ್‌ನಲ್ಲಿ ನೀರು ಎಲ್ಲಿರುತ್ತದೆ, ತೆಗೆದ ನೀರು ಮತ್ತೆ ತುಂಬಲು ಎಷ್ಟು ಹೊತ್ತು ಬೇಕು ಎಂದು ಕೇಳುವವರು ವಿರಳ. ಕೇಳಿದರೆ ಉತ್ತರ ಗೊತ್ತಿರುವ ಮನೆಗಳೂ ವಿರಳ. ನನ್ನ ವಾದ ಇಷ್ಟೇ: ಮನೆಯ ಬಾವಿಗೆ ಹೊಸ ಪಂಪು ಹಾಕುವುದೆಂದರೆ ಮೊದಲು ಬಾವಿಯನ್ನು ಅಳೆಯುವುದು. ಆ ಅಳತೆಗೆ ಪಂಪು ಒಗ್ಗಬೇಕೇ ಹೊರತು ನಮ್ಮ ಅವಸರಕ್ಕೆ ಬಾವಿ ಒಗ್ಗುವುದಿಲ್ಲ. ಅಳೆಯದೆ ದೊಡ್ಡ ಪಂಪು ಹಾಕಿದ ಮನೆಗಳು ಎರಡು ಮೂರು ಬೇಸಿಗೆಗಳಲ್ಲಿ ಬಾವಿಯೇ ಕೈಕೊಟ್ಟಿತೆಂದು ನಂಬಿ ಕೊಳವೆಬಾವಿ ಕೊರೆಸಲು ಹೊರಡುತ್ತವೆ. ಅವುಗಳಲ್ಲಿ ಎಷ್ಟೋ ಬಾವಿಗಳು ಬತ್ತಿರುವುದೇ ಇಲ್ಲ.

ಹಗ್ಗ ಮತ್ತು ಕೊಡ ಬಳಕೆಯಲ್ಲಿದ್ದ ಕಾಲದಲ್ಲಿ ಈ ಅಳತೆ ತಾನಾಗಿ ಆಗುತ್ತಿತ್ತು. ನೀರು ಸೇದುವವರ ಕೈಗೆ ಹಗ್ಗದ ಉದ್ದ ಗೊತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಎಷ್ಟು ಮೊಳ ಹೆಚ್ಚಿಗೆ ಬಿಡಬೇಕು, ಬೆಳಿಗ್ಗೆ ಎಷ್ಟು ಕೊಡ ಸೇದಿದರೆ ನೀರು ಕೆಂಪಾಗುತ್ತದೆ, ಸಂಜೆಗೆ ತಿಳಿಯಾಗುತ್ತದೋ ಇಲ್ಲವೋ, ಇವೆಲ್ಲ ಮನೆಯ ಹೆಂಗಸರ ದಿನನಿತ್ಯದ ತಿಳಿವಳಿಕೆಯಾಗಿತ್ತು. ಆ ದುಡಿಮೆ ಹಗುರವಾಗಿರಲಿಲ್ಲ. ಪಂಪು ಬಂದು ಹೆಂಗಸರ ಭುಜದ ನೋವನ್ನು ಕಳೆಯಿತು, ಅದು ಬಹಳ ದೊಡ್ಡ ಉಪಕಾರ, ಹಗ್ಗದ ಕಾಲಕ್ಕೆ ಮರಳಬೇಕೆಂದು ಯಾರೂ ಹೇಳಬಾರದು. ಆದರೆ ಅಡುಗೆಮನೆಯ ಗೋಡೆಗೆ ಸ್ವಿಚ್ ಬಂದ ದಿನದಿಂದ ಬಾವಿಯೊಳಗೆ ಇಣುಕಿ ನೋಡುವ ಕೆಲಸವೂ ನಿಂತಿತು. ಟ್ಯಾಂಕು ತುಂಬಿ ಹರಿದರೆ ಸ್ವಿಚ್ ಆರಿಸುತ್ತೇವೆ, ನಲ್ಲಿಯಲ್ಲಿ ಗಾಳಿ ಬಂದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತೇವೆ. ಹೊಸ ಪಂಪಿನ ಹೊತ್ತಿಗಾದರೂ ಆ ತಿಳಿವಳಿಕೆಯನ್ನು ಮರಳಿ ಪಡೆಯಬೇಕು. ಅದಕ್ಕೆ ಬೇಕಾಗುವುದು ಒಂದು ಕಲ್ಲು ಕಟ್ಟಿದ ಹಗ್ಗ, ಒಂದು ಟೇಪು, ಒಂದು ಗಡಿಯಾರ.

ಅಳೆಯುವ ಕ್ರಮ ಸರಳ. ಏಪ್ರಿಲ್ ಕೊನೆಯಲ್ಲಿ, ರಾತ್ರಿಯಿಡೀ ಪಂಪು ಓಡಿಸದೆ ಬಿಟ್ಟ ಬೆಳಿಗ್ಗೆ, ಹಗ್ಗ ಬಿಟ್ಟು ಬಾವಿಕಟ್ಟೆಯಿಂದ ನೀರಿನವರೆಗೆ ಎಷ್ಟು ಅಡಿ, ತಳದವರೆಗೆ ಎಷ್ಟು ಅಡಿ ಎಂದು ಬರೆದುಕೊಳ್ಳಬೇಕು. ಎರಡರ ವ್ಯತ್ಯಾಸವೇ ನಿಂತ ನೀರು. ಆಮೇಲೆ ಪಂಪು ಓಡಿಸಿ ನೀರನ್ನು ಎರಡು ಮೂರು ಅಡಿ ಇಳಿಸಿ, ನಿಲ್ಲಿಸಿ, ಒಂದು ಅಡಿ ಮೇಲೇರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಬೇಕು. ಇದು ಒರತೆಯ ಅಳತೆ. ನಾಲ್ಕಡಿ ವ್ಯಾಸದ ಸಿಮೆಂಟ್ ರಿಂಗಿನ ಬಾವಿಯಲ್ಲಿ ಒಂದಡಿ ನೀರೆಂದರೆ ಸುಮಾರು 355 ಲೀಟರ್. ಹತ್ತಡಿ ವ್ಯಾಸದ ಹಳೆಯ ಕಲ್ಲುಬಾವಿಯಲ್ಲಿ ಒಂದಡಿ ನೀರೆಂದರೆ 2,200 ಲೀಟರಿಗೂ ಮಿಗಿಲು. ಈಗ ರಿಂಗಿನ ಬಾವಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ನಿಂತ ನೀರು ಐದಡಿ, ಅದರಲ್ಲಿ ತಳದ ಒಂದೂವರೆ ಅಡಿ ಕೆಸರಿಗೂ ಪೈಪಿನ ಬುಡದ ಫೂಟ್ ವಾಲ್ವಿಗೂ ಬಿಟ್ಟರೆ ಬಳಸಬಹುದಾದ್ದು ಮೂರೂವರೆ ಅಡಿ, ಅಂದರೆ 1,250 ಲೀಟರ್. ಗಂಟೆಗೆ 4,000 ಲೀಟರ್ ಎಳೆಯುವ ಒಂದು ಎಚ್‌ಪಿ ಪಂಪು ಇದನ್ನು ಇಪ್ಪತ್ತು ನಿಮಿಷದಲ್ಲಿ ಖಾಲಿ ಮಾಡುತ್ತದೆ. ಮನೆಯವರ ಕಣ್ಣಿಗೆ ಬಾವಿ ಬತ್ತಿತು. ಆದರೆ ಅದೇ ಬಾವಿಯಲ್ಲಿ ಒಂದಡಿ ಏರಲು ಎರಡು ಗಂಟೆ ಸಾಕಾದರೆ, ಗಂಟೆಗೆ 177 ಲೀಟರಿನಂತೆ ದಿನಕ್ಕೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಒರತೆ ಇದೆ ಎಂದಾಯಿತು. ನೀರು ಮೇಲೇರಿದಂತೆ ಒರತೆಯ ವೇಗ ತಗ್ಗುತ್ತದೆ, ಆದ್ದರಿಂದ ಲೆಕ್ಕವನ್ನು ಅರ್ಧಕ್ಕಿಳಿಸಿ. ಆಗಲೂ ಎರಡು ಸಾವಿರ ಲೀಟರ್ ಉಳಿಯಿತು. ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟುಕೊಂಡಿದೆ. ನಗರದ ಲೆಕ್ಕದಂತೆ ಧಾರಾಳವಾಗಿ 135 ಲೀಟರ್ ಹಿಡಿದರೂ ಐದು ಜನರ ಮನೆಗೆ 675 ಲೀಟರ್ ಸಾಕು. ಬತ್ತಿತೆಂದು ಕೈಬಿಡಲು ಹೊರಟ ಬಾವಿ ಮನೆಗೆ ಬೇಕಾದ್ದರ ಸುಮಾರು ಮೂರರಷ್ಟು ನೀರು ಕೊಡುತ್ತಿದೆ. ಕೊಡುವ ವೇಗ ನಿಧಾನ, ಅಷ್ಟೇ. ಕರೆಯುವ ಹಸುವಿನ ಕೆಚ್ಚಲನ್ನು ಜೋರಾಗಿ ಹಿಂಡಿದ ಮಾತ್ರಕ್ಕೆ ಹಾಲು ಹೆಚ್ಚಾಗುವುದಿಲ್ಲ.

ಜೋರಾಗಿ ಎಳೆಯುವುದರಿಂದ ಬಾವಿಗೇ ಪೆಟ್ಟು. ನೀರು ಒಮ್ಮೆಲೇ ಇಳಿದಾಗ ಗೋಡೆಯ ಹಿಂದಿನ ಮಣ್ಣಿನಲ್ಲಿ ನಿಂತ ನೀರು ಒಳಮುಖವಾಗಿ ಒತ್ತುತ್ತದೆ. ಕಲ್ಲು ಕಟ್ಟದ ಬಾವಿಯಲ್ಲಿ ಮಗ್ಗುಲು ಜರಿಯುತ್ತದೆ, ರಿಂಗಿನ ಬಾವಿಯಲ್ಲಿ ಸಂದುಗಳಿಂದ ನುಣ್ಣನೆಯ ಮಣ್ಣು ಒಳಗೆ ಬರುತ್ತದೆ. ಆ ಮಣ್ಣು ತಳದಲ್ಲಿ ಕೂತು ಒರತೆಯ ಕಣ್ಣನ್ನೇ ಮುಚ್ಚುತ್ತದೆ. ಕಡಲ ತಡಿಯ ಉಳ್ಳಾಲ, ಕಾಪು, ಕುಂದಾಪುರ, ಹೊನ್ನಾವರದ ಕಡೆ ಮರಳು ನೆಲದ ಬಾವಿಗಳಿಗೆ ಇನ್ನೊಂದು ಅಪಾಯವಿದೆ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲಿರುವ ಒಂದಡಿ ಸಿಹಿನೀರು ಉಪ್ಪುನೀರನ್ನು ಸಮುದ್ರಮಟ್ಟಕ್ಕಿಂತ ಸುಮಾರು ನಲವತ್ತು ಅಡಿ ಕೆಳಗೆ ತಡೆದು ಹಿಡಿದಿರುತ್ತದೆ ಎಂಬುದು ನೂರು ವರ್ಷಕ್ಕೂ ಹಳೆಯ, ಎರಡು ಬಗೆಯ ನೀರಿನ ಸಾಂದ್ರತೆಯಿಂದಲೇ ಬರುವ ಲೆಕ್ಕ. ಆ ಒಂದಡಿಯನ್ನು ಪಂಪು ಎಳೆದುಬಿಟ್ಟರೆ ಕೆಳಗಿನ ಉಪ್ಪು ಮೇಲೆ ಹೊರಡುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಮಳೆಗಾಲಗಳೇ ಬೇಕು. ಹೀಗಾಗಿ ಕಡಲ ತಡಿಯಲ್ಲಿ ಸಣ್ಣ ಪಂಪು ಎಂಬುದು ಮಿತವ್ಯಯದ ಮಾತಲ್ಲ, ಬಾವಿ ಉಳಿಯುವ ಮಾತು.

ಎಚ್‌ಪಿ ಹೆಚ್ಚಿಸಿದರೆ ಆಳದ ನೀರು ಮೇಲೆ ಬರುತ್ತದೆ ಎಂಬ ನಂಬಿಕೆಯಂತೂ ಭೌತಶಾಸ್ತ್ರಕ್ಕೆ ವಿರುದ್ಧ. ಬಾವಿಕಟ್ಟೆಯ ಪಕ್ಕ ಕೂತ ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾತಾವರಣದ ಒತ್ತಡ. ಆ ಒತ್ತಡ ಸಮುದ್ರಮಟ್ಟದಲ್ಲಿ 10.3 ಮೀಟರ್ ಎತ್ತರದ ನೀರನ್ನಷ್ಟೇ ಹೊರಬಲ್ಲದು. ಇಟಲಿಯ ಬಾವಿ ತೋಡುವವರಿಗೆ ಅನುಭವದಿಂದ ಗೊತ್ತಿದ್ದ ಈ ಮಿತಿಯನ್ನು ಗೆಲಿಲಿಯೊ 1638ರಲ್ಲಿ ದಾಖಲಿಸಿದ, ಟಾರಿಸೆಲ್ಲಿ ಕಾರಣ ತೋರಿಸಿದ. ಪೈಪಿನ ಘರ್ಷಣೆ, ಬಾಗುಗಳು, ಫೂಟ್ ವಾಲ್ವಿನ ತಡೆ ಎಲ್ಲ ಕಳೆದರೆ ನಮ್ಮ ಮನೆಗಳಲ್ಲಿ ನೆಚ್ಚಬಹುದಾದ್ದು 22ರಿಂದ 25 ಅಡಿ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಂಥ ಊರಿನಲ್ಲಿ ಗಾಳಿಯೇ ತೆಳುವಾದ್ದರಿಂದ ಇನ್ನೂ ನಾಲ್ಕು ಅಡಿ ಕಡಿಮೆ. ಮಳೆಗಾಲದಲ್ಲಿ ಕೈಗೆಟುಕುವ ನೀರು ಬೇಸಿಗೆಯಲ್ಲಿ 30 ಅಡಿಗೆ ಇಳಿಯುವ ಬಾವಿಗೆ ದಂಡೆಯ ಮೇಲೆ ಐದು ಎಚ್‌ಪಿ ಇಟ್ಟರೂ ಒಂದು ಹನಿ ಬರದು. ಅಲ್ಲಿ ಮಾಡಬೇಕಾದ್ದು ಪಂಪನ್ನು ಕೆಳಗೆ ಇಳಿಸುವುದು, ಇಲ್ಲವೇ ನೀರಿನೊಳಗೇ ಮುಳುಗಿರುವ ತೆರೆದ ಬಾವಿಯ ಸಬ್‌ಮರ್ಸಿಬಲ್ ಹಾಕುವುದು. ಹಿಂದೆ ಬಾವಿಯೊಳಗೆ ಕಲ್ಲಿನ ಮೆಟ್ಟಿಲಿನಂಥ ಕಟ್ಟೆ ಮಾಡಿ ಬೇಸಿಗೆಯಲ್ಲಿ ಮೋಟಾರನ್ನು ಅಲ್ಲಿಳಿಸಿ, ಜೂನ್‌ಗೆ ಮೊದಲು ಮೇಲೆತ್ತುವ ಪದ್ಧತಿ ಇತ್ತು. ಒಂದು ವರ್ಷ ಮರೆತರೆ ಮೊದಲ ದೊಡ್ಡ ಮಳೆಗೆ ಮೋಟಾರು ಮುಳುಗುತ್ತಿತ್ತು. ಮುಳುಗುವ ಪಂಪು ಆ ತಾಪತ್ರಯ ತಪ್ಪಿಸುತ್ತದೆ, ಓಡಿಸುವ ಮೊದಲು ಪಂಪಿಗೆ ನೀರು ಕುಡಿಸುವ ಕೆಲಸವೂ ಇಲ್ಲ, ಸದ್ದೂ ಇಲ್ಲ. ಆದರೆ ಅದನ್ನು ತಳದ ಕೆಸರಿನ ಮೇಲೆ ಕೂರಿಸಬಾರದು, ಒಂದೆರಡು ಅಡಿ ಮೇಲೆ ಕಲ್ಲಿನ ಪೀಠ ಕೊಡಬೇಕು. ಸದಾ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಬೇಕು.

ಹೊಸ ಪಂಪಿಗೆ ದುಡ್ಡು ತೆರುವ ಮೊದಲು ಹಳೆಯದು ನಿಜಕ್ಕೂ ಕೆಟ್ಟಿದೆಯೇ ಎಂದು ನೋಡುವುದೂ ಅಳತೆಯ ಭಾಗವೇ. ಪಂಪು ನೀರು ಬಿಡುತ್ತಿದೆ, ದಿನವೂ ನೀರು ಕುಡಿಸಬೇಕು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಫೂಟ್ ವಾಲ್ವಿನ ಸವೆದ ರಬ್ಬರು ಅಥವಾ ಅದರಲ್ಲಿ ಸಿಕ್ಕಿಕೊಂಡ ಕಡ್ಡಿ ಕಸ. ರಾತ್ರಿ ಪಂಪಿನ ತುಂಬ ನೀರು ಹಾಕಿ ಮುಚ್ಚಿ, ಬೆಳಿಗ್ಗೆ ಮೇಲಿನ ಬಿರಡೆ ತೆಗೆದಾಗ ನೀರು ಅಷ್ಟೇ ನಿಂತಿದ್ದರೆ ವಾಲ್ವ್ ಸರಿಯಿದೆ. ಇಳಿದಿದ್ದರೆ ಕೆಲವು ನೂರು ರೂಪಾಯಿಯ ವಾಲ್ವ್ ಬದಲಿಸಿದರೆ ಸಾಕು. ನೀರೆಳೆಯುವ ಕಡೆಯ ಪೈಪಿನ ಸೋರಿಕೆ ಇನ್ನೂ ಮೋಸದ್ದು. ಪಂಪು ಓಡುವಾಗ ಅಲ್ಲಿ ನೀರು ತೊಟ್ಟಿಕ್ಕುವುದಿಲ್ಲ, ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಏನೂ ಕಾಣದು, ಟ್ಯಾಂಕಿಗೆ ಬೀಳುವ ನೀರಿನಲ್ಲಿ ಗುಳ್ಳೆ ಮಾತ್ರ ಕಾಣುತ್ತದೆ. ಗುಂಯ್ ಎಂದು ಸದ್ದು ಮಾಡಿ ತಿರುಗದ ಮೋಟಾರಿಗೆ ಬೇಕಿರುವುದು ಬಹುಪಾಲು ಹೊಸ ಕಂಡೆನ್ಸರ್. ಈ ಸಣ್ಣ ರಿಪೇರಿಗಳನ್ನು ಬಿಟ್ಟು ಇಡೀ ಪಂಪನ್ನು ಗುಜರಿಗೆ ಹಾಕುವುದು ದುಂದು. ಎರಡನೆಯ ಸಲ ಕಾಯಿಲ್ ಸುಟ್ಟ, ಒಳಗಿನ ಚಕ್ರ ಸವೆದ ಪಂಪಿನ ಮಾತು ಬೇರೆ. ಮನೆಬಳಕೆಯ ಸೆಲ್ಫ್ ಪ್ರೈಮಿಂಗ್ ಪಂಪಿನಲ್ಲಿ ಚಕ್ರಕ್ಕೂ ಹೊದಿಕೆಗೂ ನಡುವೆ ಕೂದಲೆಳೆಯಷ್ಟೇ ಜಾಗ. ಬೇಸಿಗೆಯ ತಳದ ನೀರಿನಲ್ಲಿ ಬರುವ ಮರಳು ಆ ಜಾಗವನ್ನು ಕೊರೆದು ಹಾಕಿದರೆ ಮೋಟಾರು ಸರಿಯಿದ್ದರೂ ನೀರು ಏರುವುದಿಲ್ಲ. ಅದಕ್ಕೆ ಮತ್ತೆ ಕಾಯಿಲ್ ಕಟ್ಟಿಸುವುದಕ್ಕಿಂತ ಹೊಸದೇ ವಾಸಿ.

ಪಂಪಿನಷ್ಟೇ ಮುಖ್ಯವಾದ, ಆದರೆ ಯಾರೂ ಬದಲಿಸದ ವಸ್ತುವೆಂದರೆ ಪೈಪು. ನೀರಿನ ಘರ್ಷಣೆ ಪೈಪಿನ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಒಂದಿಂಚಿನ ಪೈಪಿನ ಬದಲು ಒಂದೂಕಾಲು ಇಂಚು ಹಾಕಿದರೆ ಅಷ್ಟೇ ನೀರಿಗೆ ಘರ್ಷಣೆ ಸುಮಾರು ಮೂರನೇ ಒಂದು ಭಾಗಕ್ಕೆ ಬರುತ್ತದೆ. ಇಪ್ಪತ್ತೈದು ವರ್ಷದ ಹಳೆಯ, ಒಳಗೆ ತುಕ್ಕು ಕಟ್ಟಿ ಅರ್ಧ ಮುಚ್ಚಿದ ಕಬ್ಬಿಣದ ಪೈಪಿಗೆ ಹೊಸ ಪಂಪು ಜೋಡಿಸಿ ನೀರು ಕಡಿಮೆ ಬರುತ್ತಿದೆ ಎಂದು ಕಂಪನಿಯನ್ನು ದೂರಿದರೆ ಫಲವಿಲ್ಲ. ನೀರೆಳೆಯುವ ಪೈಪು ಪಂಪಿನ ಬಾಯಿಗಿಂತ ಕಿರಿದಾಗಿರಬಾರದು, ಬಾವಿಯಿಂದ ಪಂಪಿನವರೆಗೆ ಸ್ವಲ್ಪವಾದರೂ ಏರುತ್ತಲೇ ಹೋಗಬೇಕು. ನಡುವೆ ಗೂನು ಬಂದರೆ ಅಲ್ಲಿ ಗಾಳಿ ನಿಲ್ಲುತ್ತದೆ. ತಂತಿಯದೂ ಇದೇ ಕಥೆ. ಮನೆಯಿಂದ ದೂರದ ಬಾವಿಗೆ ತೆಳ್ಳಗಿನ ತಂತಿ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಮೋಟಾರು ಹೊರಡುವ ಬಲ ಶೇಕಡಾ ಅರುವತ್ತಕ್ಕೆ ಇಳಿಯುತ್ತದೆ, ಏಕೆಂದರೆ ಆ ಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜ್ ಕಡಿಮೆ ಇದೆ, ಹಾಗಾಗಿ ದೊಡ್ಡ ಮೋಟಾರು ಬೇಕು ಎನ್ನುವುದು ಉಲ್ಟಾ ವಾದ: ದೊಡ್ಡ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಅದೇ ತಂತಿಯಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ.

ಇಲ್ಲಿ ಕೆಲವರು ಹೇಳುವ ಮಾತಿಗೆ ಉತ್ತರಿಸಬೇಕು. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಚಿಂತೆ ಯಾಕೆ, ದೊಡ್ಡದೇ ಇರಲಿ ಬಿಡಿ ಎನ್ನುತ್ತಾರೆ. 2023ರ ಜುಲೈಯಿಂದ ಜಾರಿಗೆ ಬಂದ ಆ ಯೋಜನೆ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಮಿತಿ ಹಾಕಿತ್ತು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆದರೆ ಇದನ್ನು ಮುಂದಿಟ್ಟು ಹೆದರಿಸುವುದು ಪ್ರಾಮಾಣಿಕ ವಾದವಾಗಲಾರದು, ಏಕೆಂದರೆ ಮನೆಬಾವಿಯ ವಿದ್ಯುತ್ ಖರ್ಚು ನಿಜವಾಗಿ ಅಲ್ಪ. 30 ಅಡಿ ಕೆಳಗಿನ ನೀರನ್ನು 30 ಅಡಿ ಮೇಲಿನ ಟ್ಯಾಂಕಿಗೆ ಏರಿಸಲು, ಪೈಪಿನ ಘರ್ಷಣೆಯನ್ನೂ ಸೇರಿಸಿ, ಪಂಪಿನ ದಕ್ಷತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ಎಂದು ಹಿಡಿದರೂ ಸಾವಿರ ಲೀಟರಿಗೆ ಕಾಲು ಯೂನಿಟ್ಟಿನೊಳಗೇ ಮುಗಿಯುತ್ತದೆ. ದಿನಕ್ಕೆ ಸಾವಿರ ಲೀಟರ್ ಎಂದರೂ ತಿಂಗಳಿಗೆ ಏಳು ಯೂನಿಟ್. ಸಣ್ಣ ಪಂಪು ಬೇಕೆನ್ನುವುದು ಈ ಏಳು ಯೂನಿಟ್ಟಿನಲ್ಲಿ ಎರಡನ್ನು ಉಳಿಸಲಿಕ್ಕಲ್ಲ. ಕರೆಂಟು ಪುಕ್ಕಟೆಯಾದರೂ ಒರತೆ ಪುಕ್ಕಟೆಯಾಗಿ ಹೆಚ್ಚುವುದಿಲ್ಲ ಎಂಬುದಕ್ಕೆ. ಅರ್ಧ ಎಚ್‌ಪಿ ಪಂಪು ಹದಿನೈದು ಇಪ್ಪತ್ತು ಮೀಟರ್ ಎತ್ತರಕ್ಕೆ ಗಂಟೆಗೆ ಸಾವಿರದೈನೂರು ಎರಡು ಸಾವಿರ ಲೀಟರ್ ಕೊಡಬಲ್ಲದು; ಹೊತ್ತಿಗೆ ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಓಡಿದರೆ ಮನೆಗೆ ಬೇಕಾದಷ್ಟು ನೀರು ಟ್ಯಾಂಕಿನಲ್ಲಿರುತ್ತದೆ, ನಡುವಿನ ಹೊತ್ತಿನಲ್ಲಿ ಬಾವಿ ತುಂಬಿಕೊಳ್ಳುತ್ತದೆ. ದಿನಕ್ಕೆ ನಾಲ್ಕು ಸಲ ಸ್ವಿಚ್ ಹಾಕುವ ಪುರುಸೊತ್ತು ಯಾರಿಗಿದೆ ಎಂಬುದು ನ್ಯಾಯವಾದ ಪ್ರಶ್ನೆ, ಅದರಲ್ಲೂ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ. ಅದಕ್ಕೆ ಟೈಮರ್ ಇದೆ, ಬಾವಿಯಲ್ಲೂ ಟ್ಯಾಂಕಿನಲ್ಲೂ ಮಟ್ಟ ನೋಡಿ ತಾನೇ ಓಡಿ ತಾನೇ ನಿಲ್ಲುವ ನಿಯಂತ್ರಕವಿದೆ. ಅರ್ಧ ಎಚ್‌ಪಿಯಿಂದ ಒಂದಕ್ಕೆ ಏರಲು ಕೊಡುವ ಹೆಚ್ಚುವರಿ ದುಡ್ಡನ್ನು ಈ ನಿಯಂತ್ರಕಕ್ಕೆ ಕೊಟ್ಟರೆ ಪಂಪು ನೀರಿಲ್ಲದೆ ಓಡಿ ಸುಡುವುದೂ ತಪ್ಪುತ್ತದೆ. ಮೇಲ್ದರ್ಜೆಗೆ ಏರಿಸುವುದೆಂದರೆ ನನ್ನ ಮಟ್ಟಿಗೆ ಇದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಈ ರಗಳೆಯೇ ಬೇಡ, ಒಂದು ಬೋರು ಹೊಡೆಸಿದರೆ ಮುಗಿಯಿತಲ್ಲ? ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ತೆರೆದ ಬಾವಿಯ ಕಾಲ ಮುಗಿದಿದೆ, ಅಲ್ಲಿನವರಿಗೆ ಬೇರೆ ದಾರಿಯಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಬಾವಿ ಇನ್ನೂ ಜೀವಂತವಿರುವ ಕಡೆ ಬೋರು ಪರಿಹಾರವಾಗುವುದಿಲ್ಲ. ಮುನ್ನೂರು ಅಡಿಯಿಂದ ಎತ್ತುವ ನೀರಿಗೆ ಬಾವಿಯ ನೀರಿನ ಐದರಷ್ಟು ಶಕ್ತಿ ಬೇಕು. ಪಂಪು ಕೆಟ್ಟರೆ ಮೇಲೆತ್ತಲು ವಾಹನವೇ ಬರಬೇಕು. ನಮ್ಮ ನೆಲ ಬಹುಪಾಲು ಗಟ್ಟಿಬಂಡೆ; ನೀರಿರುವುದು ಬಿರುಕುಗಳಲ್ಲಿ, ಬಿರುಕು ಸಿಕ್ಕೀತೆಂಬ ಖಾತರಿ ಯಾರೂ ಕೊಡರು. ಪಾವಗಡ, ಕೋಲಾರದ ಕಡೆ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಎದುರಾಯಿತು, ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಹಲ್ಲು ಮೂಳೆಗಳನ್ನು ಕೆಡಿಸಿದ್ದನ್ನು ನಾಡು ನೋಡಿದೆ. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಒಣಗಿದವು. ಅದೇ ನಗರದಲ್ಲಿ ಪರಂಪರೆಯಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರ ಸಮುದಾಯದವರು ಇಪ್ಪತ್ತು ಮೂವತ್ತು ಅಡಿಯ ಇಂಗುಬಾವಿಗಳನ್ನು ತೋಡಿ, ಹಳೆಯ ಬಾವಿಗಳ ಹೂಳೆತ್ತಿ, ಮೇಲ್ಪದರದ ನೀರು ಇನ್ನೂ ಸತ್ತಿಲ್ಲ ಎಂದು ತೋರಿಸಿದ್ದಾರೆ. ನಲ್ಲಿ ಬಂದಿದೆಯಲ್ಲ, ಬಾವಿ ಯಾಕೆ ಎನ್ನುವವರು 2019ರ ಬೇಸಿಗೆಯನ್ನು ನೆನೆಯಬೇಕು. ತುಂಬೆ ಅಣೆಕಟ್ಟೆ ಇದ್ದೂ ಮಂಗಳೂರಿನಲ್ಲಿ ನೀರಿಗೆ ಪಾಳಿ ಬಂತು, ಉಡುಪಿಗೆ ನೀರು ಕೊಡುವ ಸ್ವರ್ಣೆಯ ಬಜೆ ಅಣೆಕಟ್ಟೆ ಬರಿದಾಯಿತು. ಆ ವಾರಗಳಲ್ಲಿ ಬಾವಿ ಇಟ್ಟುಕೊಂಡಿದ್ದ ಮನೆಗಳು ತಮ್ಮನ್ನೂ ನೆರೆಯವರನ್ನೂ ಸಾಕಿದವು.

ಬಾವಿಯ ನೀರು ಶುದ್ಧವೇ ಎಂಬ ಶಂಕೆಗೂ ಆಧಾರವಿದೆ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ ಐವತ್ತು ಅಡಿ ದೂರವಿರಬೇಕು, ಸಾಧ್ಯವಾದರೆ ತಗ್ಗಿನ ಕಡೆಗಿರಬೇಕು. ಮುರಕಲ್ಲಿನ ನೆಲದಲ್ಲಿ ತೂತುಗಳ ಮೂಲಕ ನೀರು ಬೇಗ ಸಾಗುವುದರಿಂದ ದೂರ ಹೆಚ್ಚಿದ್ದಷ್ಟೂ ಒಳ್ಳೆಯದು. ಐದು ಸೆಂಟ್ಸ್ ಜಾಗದ ಮನೆಗಳಲ್ಲಿ ಇದು ಕಷ್ಟ, ಅಲ್ಲಿ ಕುಡಿಯುವ ನೀರನ್ನು ಕುದಿಸಲೇಬೇಕು. ಬಾವಿಕಟ್ಟೆ ಎತ್ತರವಿರಲಿ, ಮೇಲೆ ಬಲೆ ಇರಲಿ, ಸುತ್ತ ಸಿಮೆಂಟಿನ ಅಂಗಳವಿರಲಿ. ಪಂಪು ಬದಲಿಸುವ ಹೊತ್ತಿಗೆ ಹೇಗೂ ಕೆಲಸದವರು ಬಂದಿರುತ್ತಾರೆ, ಇವನ್ನೂ ಆಗಲೇ ಮಾಡಿಸಬಹುದು. ಅದೇ ಸಮಯದಲ್ಲಿ ಜೀವಕ್ಕೆ ಸಂಬಂಧಿಸಿದ ಎರಡು ವಿಷಯಗಳಲ್ಲಿ ರಾಜಿ ಸಲ್ಲದು. ಮೊದಲನೆಯದು ವಿದ್ಯುತ್ತು: ನೀರೊಳಗಿನ ಪಂಪಿರುವ ಬಾವಿಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಇರಲೇಬೇಕು, ಪಂಪನ್ನು ಕೇಬಲ್ ಹಿಡಿದು ಎತ್ತಬಾರದು, ಹಗ್ಗ ಕಟ್ಟಬೇಕು. ಎರಡನೆಯದು ಗಾಳಿ: ಆಳದ ಬಾವಿಗೆ ಹೂಳೆತ್ತಲು ಇಳಿದವರು ಆಮ್ಲಜನಕವಿಲ್ಲದೆ ಸಾಯುವುದು, ಅವರನ್ನು ಉಳಿಸಲು ಹಾರಿದವರೂ ಸಾಯುವುದು ಪ್ರತಿ ಬೇಸಿಗೆಯ ಸುದ್ದಿ. ಬಾವಿಯೊಳಗೆ ಡೀಸೆಲ್ ಅಥವಾ ಪೆಟ್ರೋಲ್ ಪಂಪು ಓಡಿಸುವುದೆಂದರೆ ವಿಷಗಾಳಿ ತುಂಬಿದಂತೆ. ಗಾಳಿ ಊದಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಎಳೆಯಲು ಜನರಿಲ್ಲದೆ ಯಾರನ್ನೂ ಇಳಿಸಬಾರದು. ಕೂಲಿ ಉಳಿಸುವ ಜಾಗ ಇದಲ್ಲ.

ಒರತೆ ನಿಜವಾಗಿಯೂ ಸಾಲದ ಬಾವಿಗಳೂ ಇವೆ. ಅಳತೆ ಮಾಡಿದ ಮೇಲೆ ದಿನಕ್ಕೆ ಇನ್ನೂರು ಲೀಟರೂ ಹುಟ್ಟುವುದಿಲ್ಲ ಎಂದು ಗೊತ್ತಾದರೆ ಪಂಪಿನ ಮಾತು ಪಕ್ಕಕ್ಕಿಟ್ಟು ಮಾಡಿನ ಕಡೆ ನೋಡಬೇಕು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಸುರಿಯುತ್ತದೆ. ಸಾವಿರ ಚದರಡಿಯ ಮಾಡಿನ ಮೇಲೆ ಬಿದ್ದದ್ದರಲ್ಲಿ ಶೇ 80ರಷ್ಟು ಹಿಡಿದರೂ ಎರಡೂವರೆ ಲಕ್ಷ ಲೀಟರ್. ಅದನ್ನು ಜಲ್ಲಿ ಮರಳಿನ ಸೋಸುಗುಂಡಿಯ ಮೂಲಕ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಬಾವಿಗೇ ಇಳಿಸುವ ಕೆಲಸವನ್ನು ತ್ರಿಶೂರ್ ಜಿಲ್ಲಾಡಳಿತ 2008ರಲ್ಲಿ ಮಳಪೊಲಿಮ ಎಂಬ ಹೆಸರಿನಲ್ಲಿ ಕೈಗೆತ್ತಿಕೊಂಡಿತು. ಅಲ್ಲಿನದೂ ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನಂತೆಯೇ ಮುರಕಲ್ಲಿನ ನೆಲ, ಅದೇ ಮಳೆ, ಮನೆಗೊಂದು ಬಾವಿ. ಮುರಕಲ್ಲು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಬಿಡುತ್ತದೆ, ಜೂನ್‌ನಲ್ಲಿ ಇಂಗಿಸಿದ್ದೆಲ್ಲ ಮೇ ತಿಂಗಳಿಗೆ ಉಳಿಯುವುದಿಲ್ಲ. ಆದರೂ ಒಂದು ಮನೆಯಲ್ಲದೆ ಇಡೀ ಕೇರಿ ಇಂಗಿಸಿದರೆ ಬೇಸಿಗೆಯ ನೀರು ಕೆಲವು ವಾರ ಮುಂದಕ್ಕೆ ಹೋಗುತ್ತದೆ. ಕರಾವಳಿಯ ಮನೆಗೆ ಬೇಕಿರುವುದೂ ಆ ಕೆಲವು ವಾರಗಳೇ. ಸೆಕೆಂಡ್ ಹ್ಯಾಂಡ್ ಸ್ಕೂಟರಿಗಿಂತ ಕಡಿಮೆ ದುಡ್ಡಿನಲ್ಲಿ ಆಗುವ ಕೆಲಸ ಇದು.

ಮನೆಯವರಿಗೆ ಹೇಳಿದರಷ್ಟೇ ಸಾಲದು, ಪಂಪು ಹಾಕುವವರಿಗೂ ಹೇಳಬೇಕು. ಬಿಐಎಸ್ ಗುರುತಿರುವ ಪಂಪಿನ ಮೇಲಿನ ತಗಡಿನಲ್ಲಿ ಎಷ್ಟು ಮೀಟರ್ ಎತ್ತರಕ್ಕೆ ಎಷ್ಟು ಲೀಟರ್ ಎಂದು ಬರೆದಿರುತ್ತದೆ. ಸೆಲ್ಫ್ ಪ್ರೈಮಿಂಗ್ ಪಂಪಿಗೆ ಐಎಸ್ 8472, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗೆ ಐಎಸ್ 14220 ಎಂಬ ಮಾನಕಗಳೇ ಇವೆ. ಆ ತಗಡನ್ನು ಓದಿ ಹೇಳುವ ಮಾರಾಟಗಾರರು ಕಡಿಮೆ. ಐಟಿಐಗಳಲ್ಲಿ ಕಾಯಿಲ್ ಕಟ್ಟುವುದನ್ನು ಕಲಿಸುವಾಗ ಬಾವಿಯ ಒರತೆ ಅಳೆಯುವುದನ್ನೂ ಒಂದು ದಿನದ ಪಾಠವಾಗಿ ಸೇರಿಸಲು ಯಾವ ಹೊಸ ಕಟ್ಟಡವೂ ಬೇಕಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತದೆ. ಗ್ರಾಮ ಪಂಚಾಯಿತಿಗಳು ಪ್ರತಿ ವಾರ್ಡಿನಲ್ಲಿ ಎರಡು ಮನೆಬಾವಿಗಳನ್ನು ಆರಿಸಿ, ರಿಂಗಿನ ಮೇಲೆ ಅಡಿಯ ಗುರುತು ಬಳಿದು, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ ನೋಡಿ ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ಹೊಸ ಬೋರಿಗೆ ಅರ್ಜಿ ಬಂದಾಗ ಮಾತಾಡಲು ಕೈಯಲ್ಲೊಂದು ಲೆಕ್ಕ ಇರುತ್ತದೆ. ಪಂಪಿನಂಗಡಿಯವರು ಎಚ್‌ಪಿ ಕೇಳುವ ಮೊದಲು ನಾಲ್ಕು ಸಂಖ್ಯೆ ಕೇಳಲಿ: ಬೇಸಿಗೆಯಲ್ಲಿ ನೀರು ಎಷ್ಟು ಅಡಿಯಲ್ಲಿ, ಬಾವಿಯ ಅಗಲ ಎಷ್ಟು, ಒಂದಡಿ ಏರಲು ಎಷ್ಟು ಹೊತ್ತು, ಟ್ಯಾಂಕಿನ ಎತ್ತರ ಎಷ್ಟು. ಉತ್ತರ ಗೊತ್ತಿಲ್ಲದ ಗಿರಾಕಿಯನ್ನು ಅಳೆದು ನಾಳೆ ಬನ್ನಿ ಎಂದು ಕಳಿಸುವ ಅಂಗಡಿಗೆ ಅಂದಿನ ಒಂದು ವ್ಯಾಪಾರ ಮುಂದೆ ಹೋಗಬಹುದು. ಆ ಒಂದು ದಿನಕ್ಕೆ ನೆರೆಮನೆಯಿಂದ ನಾಲ್ಕು ಕೊಡ ನೀರು ತಂದರೆ ನಡೆಯುತ್ತದೆ.